ತಾಂಬೂಲಕ್ಕೆ ಹೋದ ನೇರಳೆ ಡಬ್ಬಿಗಳು

ವೇದಾ ತಿನ್ನುತ್ತಿದ್ದದ್ದು ಒಂದೇ ಒಂದು ಪದಾರ್ಥ. ಕಡಲಾಚೆಯ ಶ್ಯಾಂಟಿಲಿ ಎಂಬ ಊರಿನ ಆ ಟೌನ್‌ಹೌಸಿನಲ್ಲಿ ಅಕ್ಕಿಗೆ, ಬೇಳೆಗೆ, ತುಪ್ಪಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ಐದು ವರ್ಷದ ಆ ಹುಡುಗಿಯ ಬಾಯೊಳಗೆ ಹೋಗುತ್ತಿದ್ದದ್ದು ಪೊಕ್ಕಿ ಎಂಬ ಜಪಾನಿನ ಕಡ್ಡಿ ಬಿಸ್ಕತ್ತು ಮಾತ್ರ. ಊದುಬತ್ತಿಗಿಂತ ತುಸು ದಪ್ಪ. ಬೆರಳಲ್ಲಿ ಹಿಡಿಯುವಷ್ಟು ತುದಿ ಬಿಟ್ಟು ಉಳಿದ ಮೈಗೆಲ್ಲ ಸಿಹಿ ಸವರಿರುತ್ತಾರೆ. ಅದೂ ಎಲ್ಲರ ಮಕ್ಕಳು ತಿನ್ನುವ ಚಾಕೊಲೇಟಿನದಾಗಿದ್ದರೆ ಯಾವ ರಗಳೆಯೂ ಇರಲಿಲ್ಲ. ಈ ಮಹಾರಾಯಿತಿಗೆ ಬೇಕಾದದ್ದು ಹಿಂದಿನ ವರ್ಷ, 2005ರ ಶರತ್ಕಾಲದಲ್ಲಿ, ಒಂದೇ ಸಲ ಅಂಗಡಿಗೆ ಬಂದುಹೋದ ಗೆಣಸಿನ ರುಚಿಯದು, ನೇರಳೆ ಡಬ್ಬಿಯದು.

ಅವಳ ತಾಯಿ ಇಂದುವಿಗೆ ಆ ಬಿಸ್ಕತ್ತಿನ ಕುಲಗೋತ್ರವೆಲ್ಲ ಬಾಯಿಪಾಠವಾಗಿತ್ತು. ಕೊರಿಯನ್ನರ ಅಂಗಡಿಯಲ್ಲಿ ಅದಕ್ಕೇ ಒಂದು ಗೋಡೆ. ಕೆಂಪು ಡಬ್ಬಿ ಚಾಕೊಲೇಟಿನದು, ಗುಲಾಬಿಯದು ಸ್ಟ್ರಾಬೆರಿ, ಹಸಿರು ಗ್ರೀನ್ ಟೀ, ಹಳದಿ ಬಾಳೆಹಣ್ಣು. ಬಾದಾಮಿ ಚೂರು ಮೆತ್ತಿದ್ದು ಬೇರೆ, ತೆಂಗಿನಕಾಯಿಯದು ಬೇರೆ, ಬರೀ ಹಾಲಿನದು ಬೇರೆ, ದೊಡ್ಡವರಿಗೆಂದೇ ಕಹಿ ಚಾಕೊಲೇಟಿನದು ಇನ್ನೊಂದು. ಋತುವಿಗೊಂದು ಹೊಸ ರುಚಿ ಬರುತ್ತದೆ, ಋತು ಮುಗಿದರೆ ಆ ರುಚಿಯ ಕಥೆಯೂ ಮುಗಿಯಿತು. ಇಂದು ಎಲ್ಲವನ್ನೂ ತಂದು ನೋಡಿದ್ದಳು. ವೇದಾ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಕೆಳಗಿಟ್ಟು ಹೊರಟುಹೋಗುತ್ತಿದ್ದಳು. ಅತ್ತು ರಂಪ ಮಾಡಿದ್ದರೂ ಇಂದುವಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಹಾಲೂ ಆ ಕಡ್ಡಿಗೇ ಗಂಟುಬಿದ್ದಿತ್ತು. ಡಾಕ್ಟರು ಬರೆದುಕೊಟ್ಟ ಪೌಷ್ಟಿಕದ ಪುಡಿ ಬೆರೆಸಿದ ಹಾಲನ್ನು ವೇದಾ ದಿನಕ್ಕೆ ಐದು ಲೋಟ ಕುಡಿಯುತ್ತಿದ್ದಳು, ಆದರೆ ಗೆಣಸಿನ ಕಡ್ಡಿಯಿಂದ ತಾನೇ ಕಲಕಿದರೆ ಮಾತ್ರ. ಕಡ್ಡಿ ಇಲ್ಲವೆಂದರೆ ಹಾಲೂ ಇಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಹಸಿದರೆ ತಾನೇ ತಿನ್ನುತ್ತಾಳೆ ಎಂದು ಗಂಡ ರವಿಶಂಕರ್ ಎರಡು ದಿನ ಡಬ್ಬಿ ಬಚ್ಚಿಟ್ಟ. ಮೂರನೆಯ ದಿನ ಮಗುವನ್ನು ಎಮರ್ಜೆನ್ಸಿಗೆ ಹೊತ್ತುಕೊಂಡು ಓಡಬೇಕಾಯಿತು. ಇದು ಹಟವಲ್ಲ, ಬೇರೆಯದು ಅವಳಿಗೆ ಊಟ ಅಂತಲೇ ಅನಿಸುವುದಿಲ್ಲ, ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಟಿಸಂ ಎಂದು ಹೆಸರಿಟ್ಟು ಆಗಲೇ ಎರಡು ವರ್ಷವಾಗಿತ್ತು. ತೂಕ ಇಪ್ಪತ್ತೊಂಬತ್ತು ಪೌಂಡ್, ಎಂದರೆ ಹದಿಮೂರು ಕಿಲೋ. ಇನ್ನೆರಡು ಪೌಂಡ್ ಇಳಿದರೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕದೆ ಬೇರೆ ದಾರಿಯಿಲ್ಲ ಎಂದೂ ಅಂದರು.

ದಾರಿ ಹುಡುಕಿದವಳು ಮೆರೆಡಿತ್ ಎಂಬ ಥೆರಪಿಸ್ಟ್. ಅವಳು ಹೇಳಿದ್ದು ಇಷ್ಟೇ: ಮಗು ನಂಬಿರುವುದು ಈ ಕಡ್ಡಿಯನ್ನು, ಹಾಗಾದರೆ ಬೇರೆ ಊಟವೂ ಈ ಕಡ್ಡಿಯ ತುದಿಯಲ್ಲೇ ಬರಲಿ. ಮೊದಲು ತುದಿಗೆ ಒಂದು ಹನಿ ಹಾಲಿನ ಕೆನೆ, ಆಮೇಲೆ ಒಂದು ಚೂರು ಬೆಣ್ಣೆ. ಜುಲೈ ಕೊನೆಯ ವಾರ, ತಿಳಿಸಾರಿನಲ್ಲಿ ಅದ್ದಿದ ಕಡ್ಡಿಯನ್ನು ವೇದಾ ನಾಲಿಗೆಯಿಂದ ಒಮ್ಮೆ, ಒಂದೇ ಒಮ್ಮೆ ನೆಕ್ಕಿದಳು. ಇಂದು ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಗಳಗಳ ಅತ್ತುಬಿಟ್ಟಳು. ಅಕ್ಟೋಬರ್ ಹೊತ್ತಿಗೆ ಒಂದು ತುತ್ತು ಅನ್ನ ತಿಂದಾಳು ಎಂದು ಮೆರೆಡಿತ್ ಭರವಸೆ ಕೊಟ್ಟಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು. ವೇದಾ ತನಗೆ ಬೇಕಾದದ್ದನ್ನು ಈವರೆಗೆ ಬೆರಳಿಟ್ಟು ತೋರಿಸಿದವಳಲ್ಲ. ಅಮ್ಮನ ಕೈಯನ್ನು ಸೌಟಿನ ಹಾಗೆ ಹಿಡಿದೆಳೆದು ವಸ್ತುವಿನ ಮೇಲೆ ಇಡುತ್ತಿದ್ದಳು, ಅಷ್ಟೇ. ಬೆರಳು ತೋರಿಸುವುದೇ ಮಾತಿನ ಮೊದಲ ಮೆಟ್ಟಿಲು, ಅವಳು ತಾನಾಗಿ ಬೆರಳು ತೋರಿಸಿದ ದಿನ, ಎಂಥ ಹೊತ್ತಾದರೂ ಸರಿ, ನನಗೆ ಫೋನ್ ಮಾಡಬೇಕು, ಎಂದಿದ್ದಳು.

ಹೀಗಾಗಿ ಎಲ್ಲವೂ ಆ ನೇರಳೆ ಡಬ್ಬಿಗಳ ಮೇಲೆ ನಿಂತಿತ್ತು. ಶ್ಯಾಂಟಿಲಿಯ ಅಂಗಡಿಯಲ್ಲಿ ಉಳಿದದ್ದನ್ನೆಲ್ಲ ಇಂದು ಬಾಚಿಕೊಂಡು ಬಂದಿದ್ದಳು. ಪ್ರಾಜೆಕ್ಟಿಗೆಂದು ಅಟ್ಲಾಂಟಾದಲ್ಲಿದ್ದ ರವಿಶಂಕರ್ ಅಲ್ಲಿನ ಬ್ಯುಫರ್ಡ್ ಹೈವೇಯ ಅಂಗಡಿಗಳನ್ನೆಲ್ಲ ಜಾಲಾಡಿದ್ದ. ಒಮ್ಮೆ ಕಾರಿನಲ್ಲಿ ಬರುವಾಗ ಡರ್ಹಮ್‌ನಲ್ಲೂ ಇಳಿದು ಹುಡುಕಿದ್ದ. ಆಗಸ್ಟ್ ಮೊದಲ ವಾರಕ್ಕೆ ಲಾಂಡ್ರಿ ರೂಮಿನ ಕ್ಲಾಸೆಟ್ಟಿನ, ಎಂದರೆ ಗೋಡೆ ಕಪಾಟಿನ, ಮೇಲಿನ ಹಲಗೆಯಲ್ಲಿ ಇಪ್ಪತ್ತಾರು ಡಬ್ಬಿ ಉಳಿದಿದ್ದವು. ದಿನಕ್ಕೆ ಅರ್ಧ ಡಬ್ಬಿಯೆಂದರೆ ಸೆಪ್ಟೆಂಬರ್ ಕೊನೆಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಹೊಸ ಶರತ್ಕಾಲದ ಮಾಲು ಬಂದರೂ ಬಂದೀತು ಎಂದು ಇಂದು ದೇವರನ್ನು ಬೇಡಿಕೊಳ್ಳುತ್ತಿದ್ದಳು.

ಇದಿಷ್ಟನ್ನೂ ಗಂಡಹೆಂಡತಿ ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಕನ್ನಡ ಕೂಟದವರು ಕೇಳಿದರೆ ವೇದಾ ತುಂಬಾ ಶೈ, ಎರಡೆರಡು ಭಾಷೆ ಅಲ್ವಾ, ಮಾತು ಲೇಟು. ಮೈಸೂರಿನಿಂದ ಫೋನ್ ಬಂದರೂ ಅದೇ ಉತ್ತರ. ಪಾಪ ಎಂಬ ಒಂದು ಮಾತಿಗೆ ಇಂದು ಹೆದರಿ ಸಾಯುತ್ತಿದ್ದಳು. ಯಾರಾದರೂ ತಲೆ ಓರೆ ಮಾಡಿ, ನಾಲಿಗೆ ಲೊಚಗುಟ್ಟಿ, ಪಾಪ ಅಂದುಬಿಟ್ಟರೆ ತನ್ನ ಮಗು ಅಲ್ಲಿಗೆ ಮುಗಿದುಹೋಯಿತು ಎಂದು ಅವಳಿಗೆ ಏಕೋ ಅನಿಸಿಬಿಟ್ಟಿತ್ತು. ಇಂಥ ಹೆದರಿಕೆಗೆ ಮದ್ದು ಎಲ್ಲಿದೆ ಹೇಳಿ. ಜೂನ್‌ನಲ್ಲಿ ಅತ್ತೆ ರಾಜಲಕ್ಷ್ಮಿ ಆರು ತಿಂಗಳಿಗೆಂದು ಬಂದಿಳಿದಾಗಲೂ ರವಿಶಂಕರ್ ಏರ್‌ಪೋರ್ಟಿನಲ್ಲೇ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದ: "ಅಮ್ಮಂಗೆ ಏನೂ ಹೇಳ್ಬೇಡ. ಟೆನ್ಶನ್ ಮಾಡ್ಕೋತಾರೆ. ಆಮೇಲೆ ಇಡೀ ಮೈಸೂರಿಗೆ ಗೊತ್ತಾಗುತ್ತೆ."

ರಾಜಲಕ್ಷ್ಮಿ ಸುಮ್ಮನೆ ಕೂರುವ ಜೀವವಲ್ಲ. ಮೊಮ್ಮಗಳಿಗೆಂದು ಕೋಡುಬಳೆ ಕರಿದರು, ಶಾವಿಗೆ ಪಾಯಸ ಮಾಡಿದರು, ಕೈತುತ್ತು ಹಿಡಿದು ಮನೆಯೆಲ್ಲ ಹಿಂದೆ ಸುತ್ತಿದರು. ಮಗು ಸ್ಕೂಲಲ್ಲಿ ತಿಂದು ಬಂದಿದ್ದಾಳೆ ಎಂದು ಸೊಸೆ ಹೇಳಿದರೆ, ಬೇಸಿಗೆ ರಜೆಯಲ್ಲಿ ಎಂಥ ಸ್ಕೂಲು ಎಂದು ಕೇಳಲಿಲ್ಲ. ಮಗು ಹಾಲಿಗೆ ಕಡ್ಡಿ ಅದ್ದುವುದನ್ನು ಆಟವೆಂದುಕೊಂಡಿದ್ದರು, ನೇರಳೆ ಡಬ್ಬಿ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕೇಳಬಾರದ್ದೇನೋ ಇದೆ ಎಂದು ಅವರಿಗೂ ವಾಸನೆ ಬಡಿದಿತ್ತೋ ಏನೋ.

ವರಮಹಾಲಕ್ಷ್ಮಿ ಹಬ್ಬ ಬಂತು. ಹಬ್ಬದ ಯಜಮಾನಿಕೆ ಪೂರ್ತಿ ರಾಜಲಕ್ಷ್ಮಿಯದೇ. ಶ್ಯಾಂಟಿಲಿ, ಆಶ್‌ಬರ್ನ್ ಸುತ್ತಮುತ್ತಲಿನ ಇಪ್ಪತ್ತಮೂರು ಮುತ್ತೈದೆಯರನ್ನು ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಕರೆಸಿದ್ದರು. ಆ ಮಧ್ಯಾಹ್ನ ಇಂದು ಮಗುವನ್ನು ಕರೆದುಕೊಂಡು ಮೆರೆಡಿತ್‌ಳ ಹತ್ತಿರ ಹೋಗಿದ್ದಳು. ಐದಕ್ಕೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಕೆಂಪು ಚೀಲಗಳು ಸಾಲಾಗಿ ಬಾಯಿ ಕಟ್ಟಿಕೊಂಡು ಕೂತಿದ್ದವು. "ತಾಂಬೂಲ ಎಲ್ಲಾ ರೆಡಿ ಕಣಮ್ಮ, ನೀನು ಸೀರೆ ಉಟ್ಕೊಂಡು ಬಾ," ಎಂದರು ಅತ್ತೆ. ಚೀಲದೊಳಗೆ ಏನಿದೆ ಎಂದು ಯಾವ ಸೊಸೆ ಬಿಚ್ಚಿ ನೋಡುತ್ತಾಳೆ? ಎಲೆ, ಅಡಿಕೆ, ತೆಂಗಿನಕಾಯಿ, ಕಣ. ಇನ್ನೇನಿರಲು ಸಾಧ್ಯ.

ಸೀರೆ ಉಡುವ ಪ್ರಶ್ನೆಯೇ ಬರಲಿಲ್ಲ. ಮೊದಲ ನಾಲ್ಕು ಜನ ಬಂದು ನಕ್ಕ ಸದ್ದಿಗೇ ವೇದಾ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚತೊಡಗಿದಳು. ಇಂದು ಅವಳನ್ನು ಎತ್ತಿಕೊಂಡು ಮಹಡಿಗೆ ಓಡಿ, ಬಾಗಿಲು ಹಾಕಿ, ಫ್ಯಾನು ಜೋರು ಮಾಡಿ, ಮಗುವನ್ನು ಅಪ್ಪಿಕೊಂಡು ಹಾಸಿಗೆಯ ಮೇಲೆ ಕೂತಳು. ಮಗುವಿಗೆ ಜ್ವರ ಎಂದು ಮೆಟ್ಟಿಲಿನಿಂದಲೇ ಅತ್ತೆಗೆ ಕೂಗಿ ಹೇಳಿದ್ದಳು. ಜ್ವರವೆಂಬ ಆ ಸುಳ್ಳು ಹೇಳದೆ ಕೆಳಗೆ ಬಾಗಿಲಲ್ಲಿ ನಿಂತಿದ್ದರೆ, ಒಂದಾದರೂ ಚೀಲದ ಬಾಯಿ ಬಿಚ್ಚಿಕೊಂಡು ನೇರಳೆ ಬಣ್ಣ ಇಣುಕಿದ್ದು ಕಣ್ಣಿಗೆ ಬೀಳುತ್ತಿತ್ತು.

ಶನಿವಾರ ಬೆಳಗ್ಗೆ ವೇದಾಳ ಲೋಟಕ್ಕೆ ಹಾಲು ಬಗ್ಗಿಸಿಟ್ಟು ಇಂದು ಹೊಸ ಡಬ್ಬಿ ತೆಗೆಯಲು ಕ್ಲಾಸೆಟ್ಟಿನ ಬಾಗಿಲು ತೆರೆದಳು. ಮೇಲಿನ ಹಲಗೆ ಖಾಲಿ. ಕುರ್ಚಿ ಎಳೆದುಕೊಂಡು ಹತ್ತಿ, ಮೂಲೆಯವರೆಗೂ ಕೈಯಾಡಿಸಿದಳು. ಧೂಳು ಮಾತ್ರ ಕೈಗೆ ಬಂತು. ಅಡುಗೆಮನೆಯಲ್ಲಿ ಹಿಂದಿನ ದಿನದ ಪೊಟ್ಟಣದಲ್ಲಿ ನಾಲ್ಕು ಕಡ್ಡಿ ಉಳಿದಿದ್ದವು, ಅಷ್ಟೇ.

"ಅತ್ತೆ, ಇಲ್ಲಿ ಪರ್ಪಲ್ ಡಬ್ಬಿಗಳಿದ್ವಲ್ಲ..."

"ಅಯ್ಯೋ, ಎಲ್ಲರೂ ಎಷ್ಟು ಹೊಗಳಿದ್ರು ಗೊತ್ತಾ!" ರಾಜಲಕ್ಷ್ಮಿಯ ಮುಖ ಅರಳಿತು. "ನಾನು ತಂದಿದ್ದ ಕುಂಕುಮದ ಭರಣಿ ಹನ್ನೆರಡೇ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡೋಕಾಗುತ್ತಾ? ಏನ್ಮಾಡೋದು ಅಂತಿದ್ದಾಗ ಒಗೆಯೋ ಬಟ್ಟೆ ಇಡೋಕೆ ಹೋದ್ನಾ, ಅಲ್ಲಿ ನೋಡಿದ್ರೆ ಒಂದೇ ಥರದ ಡಬ್ಬಿ, ಅಷ್ಟು ಚೆಂದದ್ದು, ಸಾಲಾಗಿ ಜೋಡಿಸಿಟ್ಟಿದ್ದೀಯ. ಹಬ್ಬಕ್ಕೇ ತಂದಿಟ್ಟಿದ್ದಾಳೆ ನನ್ನ ಸೊಸೆ, ಹೇಳೋಕೆ ಮರೆತಿದ್ದಾಳೆ ಅನ್ಕೊಂಡೆ. ಎರಡು ಮಕ್ಕಳಿರೋ ಮೂರು ಜನಕ್ಕೆ ಎರಡೆರಡು ಹಾಕಿದೆ."

ಇಂದು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅತ್ತೆಯ ಮೇಲೆ ಕೂಗಾಡಲು ಬಾಯಿ ತೆರೆದಳು. ಏನೆಂದು ಕೂಗಾಡುವುದು? ಅವರಿಗೇನು ಗೊತ್ತಿತ್ತು? ಗೊತ್ತಾಗದ ಹಾಗೆ ನೋಡಿಕೊಂಡವಳು ತಾನೇ ಅಲ್ಲವೇ? "ಏನೂ ಇಲ್ಲ ಅತ್ತೆ, ತಲೆ ಸುತ್ತು ಬಂತು," ಎಂದಳು. ಇಂಥ ಹೊತ್ತಿನಲ್ಲೂ ಆ ನಾಲಿಗೆ ಸುಳ್ಳಿಗೇ ಹೊರಳಿತು.

ಕೊಟ್ಟ ತಾಂಬೂಲವನ್ನು ವಾಪಸು ಕೇಳುವುದುಂಟೇ? ಮುತ್ತೈದೆಯ ಸೆರಗಿಗೆ ಹಾಕಿದ್ದನ್ನು ಕಿತ್ತುಕೊಂಡರೆ ಜನ ಏನಂದಾರು? ನಿಜ ಹೇಳಿದರೆ ಕೇಳಬಹುದಿತ್ತು. ಇಂದು ನಿಜ ಹೇಳಲಿಲ್ಲ. ಹತ್ತು ನಿಮಿಷ ಯೋಚಿಸಿ, ಆಶ್‌ಬರ್ನಿನ ಶ್ರದ್ಧಾಳಿಗೆ ಮೊದಲ ಫೋನ್ ಮಾಡಿದಳು. ಶ್ರದ್ಧಾ ಮಂಗಳೂರಿನ ಕಡೆಯವಳು, ಕೂಟದ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವವಳು. ಹಿಂದಿನ ದಿನ ಎರಡು ಡಬ್ಬಿ ಸಿಕ್ಕಿದ್ದವರಲ್ಲಿ ಅವಳೂ ಒಬ್ಬಳು.

"ಶ್ರದ್ಧಾ, ನಿನ್ನೆ ಬ್ಯಾಗಲ್ಲಿದ್ದ ಬಿಸ್ಕೆಟ್ ಮಕ್ಕಳಿಗೆ ಕೊಟ್ರಾ? ಕೊಡ್ಬೇಡಿ ಪ್ಲೀಸ್. ಅದರ ಡೇಟ್ ಆಗೋಗಿದೆ. ಅತ್ತೆಗೆ ಗೊತ್ತಾಗ್ಲಿಲ್ಲ. ತೆಗೆದಿಟ್ಟಿರಿ, ನಾನೇ ಡ್ರೈವ್ ಮಾಡ್ಕೊಂಡು ಬಂದು ಕಲೆಕ್ಟ್ ಮಾಡ್ಕೋತೀನಿ."

"ಹೌದಾ? ಒಳ್ಳೇದಾಯ್ತು ನೀವು ಹೇಳಿದ್ದು. ನಮ್ಮಲ್ಲಿ ಇನ್ನೂ ಯಾರೂ ಮುಟ್ಲಿಲ್ಲ," ಎಂದಳು ಶ್ರದ್ಧಾ.

ಮುಟ್ಟಿಲ್ಲ! ಇಂದುವಿಗೆ ಹೋದ ಜೀವ ಬಂದಂತಾಯಿತು. ತನ್ನ ಜಾಣತನಕ್ಕೆ ಒಳಗೊಳಗೇ ಬೆನ್ನು ತಟ್ಟಿಕೊಂಡಳು ಕೂಡ. ಇದೇ ಮಾತನ್ನು ಎಲ್ಲರಿಗೂ ಹೇಳಿದರಾಯಿತು, ಮಾನವೂ ಉಳಿಯುತ್ತದೆ, ಡಬ್ಬಿಯೂ ಸಿಗುತ್ತದೆ. ವೇದಾ ಒಂದು ಕಡ್ಡಿಯಿಂದ ಹಾಲು ಕಲಕಿ ಕುಡಿಯುವುದನ್ನು ನೋಡಿಕೊಂಡು, ಅವಳನ್ನು ಅತ್ತೆಯ ಸುಪರ್ದಿಗೆ ಬಿಟ್ಟು ಕಾರು ಹತ್ತಿದಳು.

ಅವಳು ಆಶ್‌ಬರ್ನ್ ತಲುಪಿದಾಗ ಹನ್ನೊಂದು ದಾಟಿತ್ತು. ಶ್ರದ್ಧಾ ಬಾಗಿಲು ತೆಗೆದವಳೇ ನಕ್ಕಳು. "ಇದೆಂತ ಮಾರಾಯ್ರೆ, ಸುಮ್ಮನೆ ಇಷ್ಟು ದೂರ! ಮನೆಮನೆ ತಿರುಗುವ ಕಷ್ಟ ನಿಮಗೆ ಬೇಡ ಅಂತ ನಾನು ಆಗಲೇ ಕೂಟದ ಯಾಹೂ ಗ್ರೂಪಿಗೆ ಮೇಲ್ ಹಾಕಿ ಆಯ್ತು. ಇಂದುವಿನ ಮನೆಯ ಪರ್ಪಲ್ ಬಿಸ್ಕೆಟ್ ಎಕ್ಸ್‌ಪೈರ್ ಆಗಿದೆ, ಯಾರೂ ತಿನ್ಬೇಡಿ, ಟ್ರಾಶ್ ಮಾಡಿ ಅಂತ. ನೋಡಿ, ಹದಿನೆಂಟು ಜನ ರಿಪ್ಲೈ ಮಾಡಿದ್ದಾರೆ, ಡನ್ ಅಂತ. ಉಳಿದವರು ನಿನ್ನೆಯೇ ತಿಂದಿದ್ದಾರಂತೆ, ಏನೂ ಆಗ್ಲಿಲ್ಲಂತೆ. ನೀವು ಟೆನ್ಶನ್ ಮಾಡ್ಬೇಡಿ."

ಇಂದು ಅವಳ ಭುಜದಾಚೆ ಮನೆಯೊಳಗೆ ಕಣ್ಣಾಡಿಸಿದಳು. "ನಿಮ್ಮದು?" ಎಂದಳು.

"ನಮ್ಮದು ಅಗೊ, ಗ್ಯಾರೇಜಿನ ಬಿನ್ನಿನಲ್ಲಿ. ಇವತ್ತು ಟ್ರಾಶ್ ಪಿಕಪ್ಪಿನ ದಿನ. ಬನ್ನಿ, ಕಾಫಿ ಕುಡಿಯಿರಿ."

ಹತ್ತು ಹೆಜ್ಜೆ ದೂರದಲ್ಲಿ ಗ್ಯಾರೇಜಿನ ಬಾಗಿಲು. ಅದರಾಚೆ ಬಿನ್ನು. ಬಿನ್ನಿನಲ್ಲಿ ಎರಡು ಡಬ್ಬಿ, ಎಂದರೆ ನಾಲ್ಕು ದಿನ. ಓಡಿಹೋಗಿ ಮುಚ್ಚಳ ತೆರೆದು ಕಸದಲ್ಲಿ ಕೈ ಹಾಕಬೇಕಿತ್ತು. ಅದು ನನ್ನ ಮಗಳ ಊಟ ಎನ್ನಬೇಕಿತ್ತು. ಇಂದು ಕಾಫಿ ಕುಡಿದಳು. ಶ್ರದ್ಧಾ ಎದುರು ಕೂತು ಮಗಳ ಭರತನಾಟ್ಯದ ಬಗ್ಗೆ ಹೇಳುತ್ತಿದ್ದಳು, ಇಂದು ತಲೆಯಾಡಿಸುತ್ತಿದ್ದಳು. ಲೋಟ ಖಾಲಿಯಾಗುವ ಹೊತ್ತಿಗೆ ಹೊರಗೆ ಟ್ರಕ್ಕು ಬಂದು ನಿಂತ ಸದ್ದಾಯಿತು. ಶ್ರದ್ಧಾಳ ಗಂಡ ಬಿನ್ನನ್ನು ದೂಡಿಕೊಂಡು ಹೋದದ್ದನ್ನು ಕಿಟಕಿಯಿಂದಲೇ ನೋಡಿದಳು. ಇಂದುವನ್ನು ಹಿಡಿದುಕೊಂಡು ಕೆನ್ನೆಗೆ ಎರಡು ಬಾರಿಸಬೇಕು ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅವಳೇ ಆ ಕೆಲಸ ಮಾಡಿಕೊಂಡಳು.

ದಾರಿಯಲ್ಲಿ ಅಟ್ಲಾಂಟಾಕ್ಕೆ ಫೋನ್ ಮಾಡಿದಳು. ಎಲ್ಲ ಕೇಳಿಸಿಕೊಂಡ ರವಿಶಂಕರ್ ಮೊದಲು ಕೇಳಿದ ಪ್ರಶ್ನೆ, "ಅಮ್ಮಂಗೆ ಗೊತ್ತಾಯ್ತಾ?"

"ನಿಮ್ಮಮ್ಮಂಗೆ ಗೊತ್ತಿದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ!" ಎಂದು ಚೀರಿ ಫೋನನ್ನು ಪಕ್ಕದ ಸೀಟಿಗೆ ಎಸೆದಳು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಆಟಿಸಂ, ಎಮರ್ಜೆನ್ಸಿ, ಹೊಟ್ಟೆಯ ಟ್ಯೂಬ್, ಗೆಣಸಿನ ಕಡ್ಡಿ, ತಾಂಬೂಲ, ಕಸದ ಟ್ರಕ್ಕು. ರಾಜಲಕ್ಷ್ಮಿ ಒಲೆ ಆರಿಸಿದರು. 

"ಮಗೂನ ಊಟ ನನ್ನ ಕೈಯಾರೆ ಹಂಚಿಬಿಟ್ನಾ," ಎಂದರು. ಆಮೇಲೆ ಸೊಸೆಯನ್ನು ನೋಡಿದರು. "ಎರಡು ವರ್ಷ! ಎರಡು ವರ್ಷ ನೀವಿಬ್ಬರೇ ಇದನ್ನ ಹೊತ್ಕೊಂಡಿದ್ರಾ? ನನಗೆ ಹೇಳೋಕೆ ಏನಮ್ಮ ಹೆದರಿಕೆ? ಅವಳು ನನ್ನ ಮೊಮ್ಮಗಳಲ್ವಾ? ನಾನೇನು ಹೊರಗಿನವಳಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ರಾಜಲಕ್ಷ್ಮಿ ಕನ್ನಡಕ ಹಾಕಿಕೊಂಡು ಫೋನಿನ ಮುಂದೆ ಕೂತರು. ಇಪ್ಪತ್ತಮೂರು ಮನೆಗೂ ಅವರೇ ಫೋನ್ ಮಾಡಿದರು. ಪ್ರತಿ ಮನೆಗೂ ಅದೇ ಮಾತು, ನಾಚಿಕೆಯಿಲ್ಲದೆ, ಅಳುಕಿಲ್ಲದೆ: "ನಮ್ಮ ಮಗು ಬೇರೆ ಏನೂ ತಿನ್ನಲ್ಲ ಕಣಮ್ಮ, ಅವಳು ಇರೋದೇ ಹಾಗೆ. ಆ ಡಬ್ಬಿ ಉಳಿದಿದೆಯಾ ನೋಡು. ನಾನು ಕೊಟ್ಟಿದ್ದು, ನಾನೇ ಕೇಳ್ತಾ ಇದ್ದೀನಿ." ಇಷ್ಟೇ ಮಾತು. ಇಂದುವಿಗೆ ಎರಡು ವರ್ಷ ಗಂಟಲಿಂದ ಹೊರಡದ ಮಾತು ಇಷ್ಟೇ. ಯಾರೊಬ್ಬರೂ ಲೊಚಗುಟ್ಟಿದ್ದು ಅವಳ ಕಿವಿಗೆ ಬೀಳಲಿಲ್ಲ.

ಆದರೆ ಡಬ್ಬಿ ಉಳಿದಿರಲಿಲ್ಲ. ತಿಂದವರು ತಿಂದಿದ್ದರು, ಎಸೆದವರು ಎಸೆದಿದ್ದರು. ತ್ಯಾಗರಾಜ ಎಂಬ ಕೂಟದವರೊಬ್ಬರು ತಮ್ಮ ಅಪಾರ್ಟ್‌ಮೆಂಟಿನ ಡಂಪ್‌ಸ್ಟರ್ ಎಂಬ ಕಸದ ತೊಟ್ಟಿಗೆ ಇಳಿದು, ಒಂದು ಪೊಟ್ಟಣವನ್ನು ಹುಡುಕಿ, ಸೋಪು ಹಚ್ಚಿ ತೊಳೆದು ತಂದುಕೊಟ್ಟರು. ಬಿಚ್ಚಿ ನೋಡಿದರೆ ಒಳಗೆ ಎಲ್ಲ ನುಚ್ಚುನೂರು. ಹಾಲು ಕಲಕುವಷ್ಟು ಉದ್ದದ ಕಡ್ಡಿ ಒಂದೂ ಇರಲಿಲ್ಲ. ಇಂದು ಆ ಪುಡಿಯನ್ನು ತಟ್ಟೆಯಲ್ಲಿಟ್ಟಳು. ವೇದಾ ಅದರತ್ತ ನೋಡಲೂ ಇಲ್ಲ. ರವಿಶಂಕರ್ ಬ್ಯುಫರ್ಡ್ ಹೈವೇಯ ಒಂದೊಂದು ಅಂಗಡಿಯಿಂದಲೂ ಫೋನ್ ಮಾಡಿ ಇಲ್ಲ, ಇಲ್ಲ ಎನ್ನುತ್ತಿದ್ದ. ನಾಲ್ಕನೆಯ ಕಡ್ಡಿ ಶನಿವಾರ ಸಂಜೆಯ ಹಾಲಿಗೆ ಮುಗಿಯಿತು.

ಭಾನುವಾರ ಬೆಳಗ್ಗೆ ವೇದಾ ಹಾಲಿನ ಲೋಟವನ್ನು ದೂರ ಸರಿಸಿದಳು. ಮಧ್ಯಾಹ್ನವೂ ಸರಿಸಿದಳು.

ಮೂರು ಗಂಟೆಗೆ ಕೂಟದವರು ಒಬ್ಬೊಬ್ಬರಾಗಿ ಬಂದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಫೇರ್‌ಫ್ಯಾಕ್ಸಿನಿಂದ ಮೇರಿಲ್ಯಾಂಡಿನವರೆಗೆ ಏಷ್ಯನ್ ಅಂಗಡಿಗಳನ್ನೆಲ್ಲ ತಿರುಗಿ, ಸಿಕ್ಕ ಸಿಕ್ಕ ರುಚಿಯನ್ನೆಲ್ಲ ಹೊತ್ತು ತಂದಿದ್ದರು. ಕೆಂಪು, ಗುಲಾಬಿ, ಹಸಿರು, ಹಳದಿ, ಬಾದಾಮಿಯದು, ತೆಂಗಿನಕಾಯಿಯದು, ಹಾಲಿನದು, ಕಹಿಯದು, ಇಂದುವೂ ಕಂಡಿರದ ಮಾವಿನಹಣ್ಣಿನದು. ಊಟದ ಮೇಜು ತುಂಬಿತು. ಶ್ರದ್ಧಾ ಮುಖವೆತ್ತಲಾರದೆ, "ಇಂದೂ, ನನ್ನ ಕೈಯಿಂದ ಆಯ್ತಲ್ಲ ಇದು. ನಿನ್ನೆ ನನ್ನ ಮನೆಯಲ್ಲಿ ಕೂತಾಗ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದು ಅತ್ತಳು. 

ಮಗುವಿಗೆ ಸದ್ದು ಆಗಿಬರುವುದಿಲ್ಲವೆಂದು ಅವರಿಗೆ ಈಗ ಗೊತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಇಪ್ಪತ್ತು ಜನ ಹೆಂಗಸರು ನಡುಮನೆಯಲ್ಲಿ ಒಂದೂ ಮಾತಾಡದೆ ಕೂತರು. ವೇದಾ ತಾನಾಗಿಯೇ ಮಹಡಿಯಿಂದ ಇಳಿದು ಬಂದಳು. ಮನೆ ತುಂಬ ಜನರಿದ್ದಾಗ ಅವಳು ಕೆಳಗೆ ಬಂದದ್ದು ಅದೇ ಮೊದಲು.  ನೇರ ಮೇಜಿನ ಹತ್ತಿರ ಹೋಗಿ ಒಂದೊಂದೇ ಡಬ್ಬಿ ಎತ್ತಿದಳು. ಬಣ್ಣ ನೋಡಿದಳು, ಮೂಗಿಗೆ ಹಿಡಿದಳು, ಮೆಲ್ಲಗೆ ಕೆಳಗಿಟ್ಟಳು. ಯಾವುದನ್ನೂ ಬಿಡಲಿಲ್ಲ. ಮುಗಿಯಲು ಅರ್ಧ ಗಂಟೆ ಹಿಡಿಯಿತು. ಕೊನೆಯ ಹಳದಿ ಡಬ್ಬಿಯನ್ನು ಕೆಳಗಿಟ್ಟ ಮೇಲೆ ಮೇಜಿನ ಕೆಳಗೂ ಬಗ್ಗಿ ನೋಡಿದಳು.

ಆಮೇಲೆ ಲಾಂಡ್ರಿ ರೂಮಿಗೆ ನಡೆದಳು. ಇಂದು ಹಿಂದೆಯೇ ಹೋದಳು. ವೇದಾ ಕ್ಲಾಸೆಟ್ಟಿನ ಬಾಗಿಲು ತೆರೆದು ಅಮ್ಮನ ಕಡೆ ತಿರುಗಿದಳು. ಇಂದು ಎಂದಿನಂತೆ ಕೈ ಚಾಚಿದಳು, ಹಿಡಿದೆಳೆಯಲಿ ಎಂದು. ವೇದಾ ಆ ಕೈ ಮುಟ್ಟಲಿಲ್ಲ. ತನ್ನ ಬಲಗೈ ಎತ್ತಿ, ನಾಲ್ಕು ಬೆರಳು ಮಡಚಿ, ತೋರುಬೆರಳನ್ನು ಮೇಲಿನ ಹಲಗೆಯತ್ತ ಚಾಚಿದಳು. ಹಲಗೆ ನೋಡಿದಳು, ಅಮ್ಮನ ಕಣ್ಣು ನೋಡಿದಳು, ಮತ್ತೆ ಹಲಗೆ ನೋಡಿದಳು.

ಇಂದು ಅವಳನ್ನು ಎತ್ತಿ ಹಲಗೆ ಖಾಲಿಯಿರುವುದನ್ನು ತೋರಿಸಿದಳು. "ಇಲ್ಲ ಕಂದ, ಇಲ್ಲ," ಎಂದಳು. ವೇದಾ ಬೆರಳು ಇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ರಾಜಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಂಥ ಹೊತ್ತಾದರೂ ಫೋನ್ ಮಾಡು ಎಂದಿದ್ದಳು ಮೆರೆಡಿತ್. ಇಂದು ಅವಳಿಗೆ ಮಾಡಲಿಲ್ಲ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಡಾಕ್ಟರರ ನಂಬರ್ ಒತ್ತಿ, ಟ್ಯೂಬ್ ಹಾಕಿಸಲು ಯಾವತ್ತು ಕರೆದುಕೊಂಡು ಬರಬೇಕು ಎಂದು ಕೇಳಿದಳು. ಅಷ್ಟು ಹೊತ್ತೂ ಆ ಪುಟ್ಟ ಬೆರಳು ಹಲಗೆಯನ್ನೇ ತೋರಿಸುತ್ತಿತ್ತು.